ಮಳೆ ಸುರಿಸುವ ವಾಲ್ವು

ಆ ದಿನ ಶಾಂತಮೂರ್ತಿಯ ಬಾಯಿ ಮುಚ್ಚಿಸಿಯೇ ತೀರುತ್ತೇನೆ ಎಂದು ಶಪಥ ಮಾಡಿದ್ದೆ. ನನ್ನ ಹತ್ತಿರ ಹಳೇ ಆಂಪ್ಲಿಫೈಯರ್ ಇದೆ. ಅದರೊಳಗಿನ ಗಾಜಿನ ಬುರುಡೆ, ಅಂದರೆ ವಾಲ್ವು, ಕೆಂಪಗೆ ಕಾದರೇ ಹಾಡು. ನನ್ನದು ರಷ್ಯಾದ ವಾಲ್ವು. ಯಳಂದೂರಿನ ಗೆಳೆಯ ಶಾಂತಮೂರ್ತಿ ದೇಶಿ ವಾಲ್ವಿನ ಭಕ್ತ. ನಾನು ಮಾತು ಕಡಿಮೆ ಆಡುವವನು, ಆದರೆ ಈ ಒಂದು ವಿಷಯದಲ್ಲಿ ಸುಮ್ಮನಿರಲಾರೆ. ‘ನಮ್ಮೂರು ಅಗರಕ್ಕೆ ಬಾ, ಎರಡನ್ನೂ ಹಾಕಿ ಕೇಳೋಣ’ ಎಂದೆ.

ಹೆಂಡತಿ ಶಿವರತ್ನಮ್ಮ ಅಂದು ಕೊಳ್ಳೇಗಾಲಕ್ಕೆ ಹೊರಟಿದ್ದಳು. ಪಕ್ಕದ ಕೋಣೆಯಲ್ಲಿ ಅವಳ ರೇಷ್ಮೆಹುಳುಗಳು. ಇನ್ನೇನು ಗೂಡು ಕಟ್ಟಬೇಕು, ಅದಕ್ಕೆ ಮುಂಚೆ ಹೊಟ್ಟೆ ಬಿರಿಯ ತಿನ್ನುವ ಕಾಲ. ತಟ್ಟೆಗಳಿಗೆಲ್ಲ ಹಿಪ್ಪುನೇರಳೆ ಸೊಪ್ಪು ಹಾಕಿ ಬ್ಯಾಗು ಎತ್ತಿಕೊಂಡಳು.

“ಮದ್ಯಾನದ ಸೊಪ್ಪು ಮರೀಬ್ಯಾಡಿ. ಈಗ ಅಸ್ಕಂಡ್ರೆ ಗೂಡು ಈರುಳ್ಳಿ ಸಿಪ್ಪೆ ಅಂಗೆ ತೆಳ್ಳಗಾಯ್ತದೆ. ಈ ಬೆಳೆ ಓದ್ರೆ ನಾ ಸುಮ್ಕಿರಾಕಿಲ್ಲ.”

“ಆಕ್ತೀನಿ, ಓಗು.”

“ಸೆಟ್ಟು ಮೆಲ್ಲಕ್ಕೆ ಆಕ್ಕಳಿ. ಉಳ ಬೆದರ್ತವೆ.”

ಶಾಂತಮೂರ್ತಿ ವಾಲ್ವನ್ನು ಟವೆಲಿನಲ್ಲಿ ಸುತ್ತಿ ಹಸುಗೂಸಿನಂತೆ ತಂದ. ಅತಿಥಿಯದು ಮೊದಲು. ಕೊಳಲಿನ ಹಾಡು ಮೆಲ್ಲಗೆ ಹಾಕಿದೆ. ಏನು ಹೇಳಲಿ, ಕೊಳಲಿನ ಹಿಂದೆ ಸಣ್ಣಗೆ ಸೋನೆ ಮಳೆ ಹಿಡಿದಂತೆ ಸರಸರ ಸದ್ದು.

“ಕೇಳುಸ್ತಾ?” ಎಂದ ಅವನು, ಕಣ್ಣು ಮುಚ್ಚಿ. “ಕೊಳಲು ಊದೋನು ಮಳೇಲಿ ಕುಂತವ್ನೆ ಕಣ್ಲಾ. ಇದು ದೇಶಿ ವಾಲ್ವು.”

ನನ್ನ ಹೊಟ್ಟೆ ಉರಿಯಿತು. ವಾಲ್ವು ಆರುವವರೆಗೆ ಟೀ ಕುಡಿದು, ಅವನ ಕತೆಯೆಲ್ಲ ಕೇಳಿ, ಆಮೇಲೆ ರಷ್ಯಾದ್ದನ್ನು ಹಾಕಿದೆ. ಕೊಳಲಿತ್ತು, ಮಳೆ ಇರಲಿಲ್ಲ.

“ಬರಗಾಲದ ವಾಲ್ವು ತಂದಿದ್ದೀಯ” ಎಂದ.

ರೋಷಕ್ಕೆ ಪಿನ್ನು ಉಜ್ಜಿದೆ, ವೈರು ಬದಲಿಸಿದೆ, ಎರಡು ಬೆರಳು ಸುಟ್ಟುಕೊಂಡೆ. ಕೊನೆಗೆ ಅವನದನ್ನೇ ಮತ್ತೆ ಹಾಕಿದೆ. ಅದರಲ್ಲೂ ಮಳೆ ಇಲ್ಲ.

“ಲೇ, ನನ್ ವಾಲ್ವ್ ಕೆಡಿಸ್ಬುಟ್ಟಲ್ಲೋ!”

“ನಾನೇನ್ ಅದ್ರ ಕತ್ತು ಇಸುಕ್ದ್ನ?”

ಎರಡೂ ವಾಲ್ವು ಕಿತ್ತು ಕೈಯಲ್ಲಿ ಹಿಡಿದು ಬೆಳಕಿಗೆ ನೋಡುತ್ತ ನಿಂತೆ. ಅವನು ತಲೆ ಮೇಲೆ ಟವೆಲು ಹೊದ್ದು, ಸತ್ತ ಮನೆಯವನಂತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಅಷ್ಟರಲ್ಲಿ ಶಿವರತ್ನಮ್ಮ ಬಂದಳು. ಬಾಗಿಲಲ್ಲೇ ನಿಂತು ಕಿವಿಗೊಟ್ಟಳು.

“ಇದ್ಯಾಕೆ ಮನೆ ಇಂಗ್ ಸದ್ದಿಲ್ದೆ ತಣ್ಣಗದೆ? ಸೊಪ್ಪು ಆಕಿದ್ರಾ?”

ಮಧ್ಯಾಹ್ನದ ಸೊಪ್ಪು ಮರೆತೇ ಹೋಗಿತ್ತು. ಅವಳು ಚಪ್ಪಲಿ ಎಸೆದು ಹುಳುವಿನ ಕೋಣೆಗೆ ಓಡಿದಳು. ಹಿಂದೆಯೇ ಇಣುಕಿದೆ. ತಟ್ಟೆಯಲ್ಲಿ ಬರೀ ಕಡ್ಡಿ. ಹುಳುಗಳೆಲ್ಲ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದವು.

“ಅಯ್ಯೋ ನಿಮ್ ಮನೆ ಕಾಯ್ವಾಗ. ಸದ್ಯ, ಉಳ ಇನ್ನೂ ಬಾಡಿಲ್ಲ” ಎನ್ನುತ್ತ ಅವಳು ಮೂಲೆಯಲ್ಲಿದ್ದ ಸೊಪ್ಪನ್ನು ಬಾಚಿ ಬಾಚಿ ಹರಡಿದಳು. ಹುಳುಗಳು ಮುಗಿಬಿದ್ದವು. ಕೊಂಚ ಹೊತ್ತಿಗೆ ಮನೆಯಲ್ಲೆಲ್ಲ ಸೋನೆ ಮಳೆ ಸರಸರ ಹಿಡಿಯಿತು.

ಆಚೆ ಕೋಣೆಯಲ್ಲಿ ಶಾಂತಮೂರ್ತಿ ಕಣ್ಣು ಬಿಡದೆಯೇ ಕೂಗಿದ: “ಬಂತು ಕಣ್ಲಾ ಮಳೆ! ಈಗ್ ಯಾವ್ ವಾಲ್ವ್ ಆಕ್ದೆ?”

ಎರಡೂ ವಾಲ್ವು ನನ್ನ ಕೈಯಲ್ಲೇ ಇದ್ದವು. ಶಿವರತ್ನಮ್ಮ ಅವುಗಳನ್ನು ಕಿತ್ತುಕೊಂಡು ಕುಡುಗೋಲು ಹಿಡಿಸಿದಳು.

“ಇಬ್ರೂ ಓಗಿ ತ್ವಾಟದಿಂದ ಇನ್ನೊಂದ್ ಒರೆ ವಾಲ್ವ್ ಕುಯ್ಕಂಡ್ ಬನ್ನಿ.”