ಜಪ್ತಿ ಮಾಡಿದ ಆಟ

ದಾವಣಗೆರೆ ವಿದ್ಯಾನಗರದ ಲೇಡೀಸ್ ಹಾಸ್ಟೆಲಿನ ವಾರ್ಡನ್ ಕಸ್ತೂರಮ್ಮ ಶನಿವಾರ ಮಾಡಿದ ತಪ್ಪು ಒಂದೇ. ರಶ್ಮಿತಾಳ ರೂಮಿನಲ್ಲಿ ಸಿಕ್ಕ ವಿಡಿಯೋ ಗೇಮನ್ನು ಸುಮ್ಮನೆ ಜಪ್ತಿ ಮಾಡಿ ಬರುವುದು ಬಿಟ್ಟು, "ಏನೈತೆ ಇದ್ರಾಗೆ ಅಂಥಾದ್ದು?" ಎಂದು ಎರಡು ನಿಮಿಷ ಅದರೊಳಗಿನ ಕಾರು ಓಡಿಸಿ ನೋಡಿದರು. ಆಮೇಲೆ ಹುಡುಗಿಯನ್ನು ಚೆನ್ನಾಗಿ ಗದರಿ, ಪೆಟ್ಟಿಗೆ ಎತ್ತಿಕೊಂಡು ಬಂದರು. ಅಲ್ಲಿಂದ ಶುರು: ಊಟಕ್ಕೆ ಕೂತರೂ ಕಾರು, ಪೂಜೆಗೆ ಕೂತರೂ ಕಾರು.

ಭಾನುವಾರ ಹುಡುಗಿಯರೆಲ್ಲ ಗೆಳತಿಯೊಬ್ಬಳ ಮನೆ ಊಟಕ್ಕೆ ಪಕ್ಕದ ಬಾತಿ ಹಳ್ಳಿಗೆ ಹೋದರು. ಕಸ್ತೂರಮ್ಮ ಬೀರು ತೆಗೆದು ನೋಡಿದರೆ ಪೆಟ್ಟಿಗೆ ಇದೆ, ಕೈಯಲ್ಲಿ ಹಿಡಿದು ಆಡಿಸುವ ಕಂಟ್ರೋಲರ್ ಇಲ್ಲ! ಗಡಿಬಿಡಿಯಲ್ಲಿ ಅದು ರಶ್ಮಿತಾಳ ಹತ್ತಿರವೇ ಉಳಿದಿತ್ತು. ಹೋಗಿ ಕೇಳುವ ಹಾಗಿಲ್ಲ. ಹೋದ ತಿಂಗಳು ಇನ್ನೊಬ್ಬ ಹುಡುಗಿ ನಯನಾಳಿಂದ ಕಿತ್ತುಕೊಂಡ ಕಂಟ್ರೋಲರ್ ಒಂದಿತ್ತು, ಆದರೆ ಬೇರೆ ಕಂಪನಿಯದು. ವೈರು ಚುಚ್ಚಿದರೆ ಪೆಟ್ಟಿಗೆ ಕ್ಯಾರೇ ಅನ್ನಲಿಲ್ಲ.

ದಾವಣಗೆರೆಯಲ್ಲಿ ಸರಿಮಾಡಿಸಿದರೆ ಸಂಜೆಯೊಳಗೆ ಹಾಸ್ಟೆಲಿಗೆಲ್ಲ ಸುದ್ದಿ. ಇಪ್ಪತ್ತೆರಡು ವರ್ಷ ಗುಡುಗಿ ಗುಡುಗಿ ಗಳಿಸಿದ ಹೆಸರು! ಅದು ಹೋದರೆ ನಾಳೆಯಿಂದ ಇವರ ಮಾತಿಗೆ ಯಾರು ಹೆದರುತ್ತಾರೆ? ಎರಡನ್ನೂ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ತುರುಕಿ ಹರಿಹರದ ಬಸ್ಸು ಹತ್ತಿದರು.

ಹಿಂದಿನ ಸೀಟಿನಲ್ಲೇ ಹಾಸ್ಟೆಲಿನ ಅಡುಗೆಯ ಮೈಲಪ್ಪ, ಹರಿಹರದ ಮಗಳ ಮನೆಗೆ ಹೊರಟವನು!

"ಮೇಡಂ, ಚೀಲದಾಗ ಏನ್ರಿ?"

"ಬಿಪಿ ಮಷೀನು. ಕೆಟ್ಟೈತೆ."

"ಹರಿಹರದಾಗ ಹಿದಾಯತ್ ಅಂತ ಅದಾನ್ರಿ, ಎಂಥಾದ್ದನ್ನೂ ರಿಪೇರಿ ಮಾಡ್ತಾನೆ. ನಾನೇ ಕರ್ಕೊಂಡು ಹೋಗ್ತೀನಿ."

"ಬ್ಯಾಡಪ್ಪ, ನಿಂಗ್ಯಾಕ ತೊಂದ್ರೆ?"

"ಎಂಥಾ ತೊಂದ್ರೆ ಬಿಡ್ರಿ! ನಿಮ್ ಬಿಪಿ ಏರಿರೋದೇ ನಮ್ಮಿಂದ."

ಬಿಡಲೇ ಇಲ್ಲ ಪುಣ್ಯಾತ್ಮ. ಅಂಗಡಿಯಲ್ಲಿ ಹಿದಾಯತ್ ಟವೆಲು ಬಿಚ್ಚಿ ಹುಬ್ಬೇರಿಸಿದ. "ಅಮ್ಮಾ, ಇದು..."

"ಬಿಪಿ ಮಷೀನು! ಹೊಸಾ ಮಾಡಲ್ಲು," ಎಂದು ಕಸ್ತೂರಮ್ಮ ಕಣ್ಣು ಕೆಕ್ಕರಿಸಿದರು.

ಹಿದಾಯತ್ ಅವರ ಮುಖ ನೋಡಿದ, ಮೈಲಪ್ಪನ ಮುಖ ನೋಡಿದ. ಗಿರಾಕಿಯ ಮಾನ ಕಾಯುವುದು ಅವನಿಗೆ ಗೊತ್ತಿತ್ತು. "ಹೌದೌದು," ಎಂದು ಕಂಟ್ರೋಲರ್ ಎತ್ತಿ ಹಿಡಿದ. "ಇದರ ಮಾತು ಆ ಪೆಟ್ಟಿಗೆಗೆ ತಿಳಿಯಂಗಿಲ್ರಿ, ಕಂಪನಿ ಬ್ಯಾರೆ. ನಡುವೆ ಒಂದು ಅಡಾಪ್ಟರ್ ಹಾಕ್ತೀನಿ, ಇದು ಅಂದಿದ್ದನ್ನ ಅದಕ್ಕೆ ತಿಳಿಯಂಗೆ ಹೇಳ್ತೈತೆ." ಬೆರಳುದ್ದದ ತುಂಡೊಂದನ್ನು ಪೆಟ್ಟಿಗೆಗೆ ಚುಚ್ಚಿ ಕಂಟ್ರೋಲರ್ ಕೂಡಿಸಿ ಸ್ವಿಚ್ ಹಾಕಿದ.

"ಮೊದ್ಲು ನಂದು ನೋಡ್ರಿ," ಎಂದು ಮೈಲಪ್ಪ ಅದನ್ನು ಎರಡೂ ಕೈಲಿ ಹಿಡಿದ. ಅದು ಗುರ್ ಎಂದು ನಡುಗಿತು. ಮೈಲಪ್ಪನೂ ನಡುಗಿದ.

"ಎಷ್ಟೈತ್ರಿ?"

"ಭಾಳ ಐತೆ. ಮಗಳ ಮನೆಗೆ ಹೋಗಿ ಮಲ್ಕೋ," ಎಂದರು ಕಸ್ತೂರಮ್ಮ. ಪಾಪ, ಇನ್ನು ಉಪ್ಪಿನಕಾಯಿ ಮುಟ್ಟುವುದಿಲ್ಲವೆಂದು ಆಣೆ ಮಾಡಿ ಹೋದ.

ಮೂರು ಗಂಟೆಗೆ ಕಸ್ತೂರಮ್ಮ ತಮ್ಮ ಕೋಣೆಯ ಚಿಲಕ ಹಾಕಿ ಟೀವಿ ಮುಂದೆ ಕೂತರು. ಪೆಟ್ಟಿಗೆ ಮಾತು ಕೇಳಿತು! ಎಲ್ಲೆಲ್ಲಿಯವೋ ಕಾರುಗಳು ಬಂದು ಪಕ್ಕ ನಿಂತವು. ಕಸ್ತೂರಮ್ಮ ಗೋಡೆಗೆ ಗುದ್ದಿದರು, ಕೆರೆಗೆ ಬಿದ್ದರು, ಒಮ್ಮೆಯಂತೂ ಹಿಂದಕ್ಕೇ ಓಡಿಸಿದರು. ಪ್ರಮೋಷನ್ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಆರು ಗಂಟೆಗೆ ಯಾರೋ ಬಾಗಿಲು ಬಡಿದರು. ಕಂಟ್ರೋಲರನ್ನು ದಿಂಬಿನಡಿ ತಳ್ಳಿ, ಟೀವಿ ಆರಿಸಿ, ಮುಖ ಗಂಟು ಹಾಕಿಕೊಂಡು ಬಾಗಿಲು ತೆಗೆದರೆ ರಶ್ಮಿತಾ, ಅವಳ ಹಿಂದೆ ನಯನಾ.

ರಶ್ಮಿತಾ ಮೊಬೈಲು ಚಾಚಿದಳು. ಕಣ್ಣಲ್ಲಿ ನೀರು. "ಮೇಡಂ, ಆ ಗೇಮು ಇಂಟರ್ನೆಟ್‌ನಾಗೆ ಓಡೋದು ನನ್ ಹೆಸ್ರಲ್ಲಿ. ನಾನು ಬಾತಿಯಾಗೆ ಹೋಳಿಗೆ ತಿಂತಾ ಕೂತಿದ್ರೆ, ಮೂವತ್ತೊಂದು ರೇಸ್ ಸೋತೀ ಅಂತ ಮೆಸೇಜ್ ಮೇಲೆ ಮೆಸೇಜ್! ಎರಡು ವರ್ಷ ಒದ್ದಾಡಿ, ಆಡೋರ ಪಟ್ಟಿಯಾಗೆ ಹನ್ನೆರಡನೇ ಜಾಗಕ್ಕೆ ಬಂದಿದ್ದೆ. ಈಗ ಒಂಬತ್ತು ಸಾವಿರದಾಚೆ ಇದೀನಿ!"

ಕಸ್ತೂರಮ್ಮ ಹೊರಗೊಮ್ಮೆ ಇಣುಕಿ ದನಿ ತಗ್ಗಿಸಿದರು. "ಯಾರಿಗೂ ಹೇಳಬ್ಯಾಡ್ರೇ. ನಿಮ್ ಗೇಮು ನೀವೇ ತಗೊಂಡ್ ಹೋಗ್ರಿ."

"ಬ್ಯಾಡ ಮೇಡಂ," ಎಂದಳು ನಯನಾ. "ನಮ್ ರೂಮಲ್ಲಿದ್ರೆ ಯಾರಾದ್ರೂ ನೋಡ್ತಾರೆ. ನಿಮ್ ರೂಮು ಚೆಕ್ ಮಾಡೋರು ಯಾರಿದಾರೆ? ಇಲ್ಲೇ ಇರ್ಲಿ. ದಿನಾ ನಾವೇ ಬಂದು ಆಡ್ತೀವಿ."

ಕಸ್ತೂರಮ್ಮನ ಮುಖ ಅರಳಿತು. "ನಂಗೂ ಒಂದೊಂದು ಸಲ..."

"ನನ್ ಜಾಗ ವಾಪಸ್ ಬರೋವರೆಗೂ ನೀವು ಮುಟ್ಟಂಗಿಲ್ಲ," ಎನ್ನುತ್ತ ರಶ್ಮಿತಾ ಒಳಗೆ ಬಂದು, ವೈರು ಇಣುಕುತ್ತಿದ್ದ ದಿಂಬಿನಡಿಯಿಂದ ಕಂಟ್ರೋಲರ್ ಎಳೆದುಕೊಂಡಳು. "ನೀವು ಬಾಗ್ಲಾಗೆ ನಿಂತ್ಕೊಳ್ರಿ ಮೇಡಂ. ಯಾರಾದ್ರೂ ಬಂದ್ರೆ ಕೆಮ್ರಿ."

ಐದು ನಿಮಿಷಕ್ಕೆಲ್ಲ ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದಾಯಿತು. ವಾರ್ಡನ್ ಕಸ್ತೂರಮ್ಮ ಜೋರಾಗಿ ಕೆಮ್ಮಿದರು.