ಯಾವ ಎಣ್ಣಿ ತಿಂತೀರಿ?

ಹೊಸಬರ ಪರಿಚಯವಾದರೆ ನಮ್ಮ ಕಾಕಾ ಊರು ಕೇಳುವುದಿಲ್ಲ, ಕೆಲಸ ಕೇಳುವುದಿಲ್ಲ, ಮಕ್ಕಳೆಷ್ಟು ಅಂತಲೂ ಕೇಳುವುದಿಲ್ಲ. ಇಡೀ ಬೀದರ ಜಿಲ್ಲೆಯಲ್ಲಿ ಇಂಥವರು ಇವರೊಬ್ಬರೇ ಇರಬೇಕು! ಅವರು ಕೇಳುವುದು ಒಂದೇ ಪ್ರಶ್ನೆ: "ಮನ್ಯಾಗ ಯಾವ ಎಣ್ಣಿ ತಿಂತೀರಿ?"

ನನ್ನನ್ನು ನೋಡಲು ಬಂದ ವರನಿಗೂ ಇದೇ ಪ್ರಶ್ನೆ. ಪಾಪ, ಆತ ಸಂಬಳ ಕೇಳುತ್ತಾರೆಂದು ಉತ್ತರ ಗಟ್ಟಿ ಮಾಡಿಕೊಂಡು ಬಂದಿದ್ದ. "ಗೊತ್ತಿಲ್ರಿ, ಅಡಗಿ ಅವ್ವ ಮಾಡ್ತಾಳ್ರಿ" ಅಂದ. "ತಾ ಏನ್ ತಿಂತೀನಿ ಅಂಬೋದೇ ಗೊತ್ತಿಲ್ಲ ಇವಗ" ಎಂದು ಕಾಕಾ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಗೊಣಗಿದರು. ಆದರೂ ಮದುವೆಯಾಯಿತು ಬಿಡಿ. ಈಗ ಆತ ದಿನಾ ಊಟಕ್ಕೆ ಒಂದು ಚಮಚ ಅಗಸಿ ಹಿಂಡಿ, ಅಂದರೆ ಅಗಸೆಬೀಜದ ಚಟ್ನಿಪುಡಿ, ತಕರಾರಿಲ್ಲದೆ ತಿನ್ನುತ್ತಾನೆ.

ಕಾಕಾ ನಮ್ಮಪ್ಪನ ತಮ್ಮ, ಸರಕಾರಿ ಬಸ್ಸಿನ ಕಂಡಕ್ಟರು. ಬೀದರದಿಂದ ಠಾಣಾ ಕುಶನೂರದ ಮೇಲೆ ಹಾಯ್ದು ಔರಾದಕ್ಕೆ ಹೋಗುವ ಗಾಡಿ ಅವರದು. ನಾನು ಠಾಣಾ ಕುಶನೂರದ ಶಾಲೆಯಲ್ಲಿ ಟೀಚರು, ದಿನಾ ಅದೇ ಗಾಡಿಯಲ್ಲಿ ಓಡಾಟ. ಆದ್ದರಿಂದ ಇಲ್ಲಿ ಹೇಳುವುದಕ್ಕೆಲ್ಲ ನಾನೇ ಸಾಕ್ಷಿ. ಒಂದಿಷ್ಟು ಉಪ್ಪು ಖಾರ ಹಚ್ಚಿದ್ದರೆ ಅದೂ ನಂದೇ.

ಈ ಎಣ್ಣೆಯ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಐದು ವರ್ಷದ ಹಿಂದೆ ನಮ್ಮ ಕಾಕಿಯ ಕೈಬೆರಳುಗಳ ಗೆಣ್ಣುಗಳೆಲ್ಲ ಬಾತುಕೊಂಡವು. ರೊಟ್ಟಿ ಬಡಿಯುವುದಿರಲಿ, ಮುಂಜಾನೆ ಎದ್ದರೆ ಸೀರೆಗೆ ಪಿನ್ನು ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಬೀದರದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಇದು ಸಂಧಿವಾತದಲ್ಲೇ ಒಂದು ಬಗೆ, ದೇಹ ಕಾಯಬೇಕಾದ ಶಕ್ತಿಯೇ ದೇಹದ ಕೀಲುಗಳ ಮೇಲೆ ತಿರುಗಿಬಿದ್ದಿದೆ ಎಂದರು. ಕಾಕಾ ಅದನ್ನು ಊರವರಿಗೆಲ್ಲ ತಮ್ಮದೇ ಧಾಟಿಯಲ್ಲಿ ತಿಳಿಸಿ ಹೇಳಿದರು.

"ನಮ್ಮ ಬೀದರ ಕೋಟಿ ಮ್ಯಾಲಿನ ತೋಪು ನೋಡೀರಿಲ್ರಿ? ಅದರ ಬಾಯಿ ಹೊರಗ ಇರಬೇಕು. ಇಕಿ ಕೋಟ್ಯಾಗಿನ ಸಿಪಾಯಿಗೋಳು ತೋಪು ಒಳಗ ತಿರಗಿಸ್ಯಾರ. ತಮ್ಮ ಮನಿಗೇ ಗುಂಡು ಹಾರಸ್ಲತಾರ!"

"ಮದವ್ಯಾದಾಗ ನನಗ ಹೂವಿನಂಥಾಕಿ ಅಂತಿದ್ರಿ. ಈಗ ಕೋಟಿ ಮಾಡೀರಿ, ಭೇಷ್ ಆಯ್ತು" ಎಂದರು ಕಾಕಿ.

ಡಾಕ್ಟರಮ್ಮ ಅರ್ಧ ಗಂಟೆ ಮಾತ್ರೆಗಳ ಬಗ್ಗೆ ಹೇಳಿದ್ದರು. ಎದ್ದು ಬರುವಾಗ ಕಾಕಾ ಊಟದ ಪಥ್ಯ ಕೇಳಿದ್ದಕ್ಕೆ ಎರಡೇ ನಿಮಿಷ ಎಣ್ಣೆಯ ಬಗ್ಗೆ ಹೇಳಿದರು. ಕೊಬ್ಬಿನಲ್ಲೂ ಬಗೆಬಗೆ ಉಂಟು. ಒಮೆಗಾ ಮೂರು ಎಂಬ ಕೊಬ್ಬಿನಾಮ್ಲ ಅಗಸಿಯಲ್ಲಿದೆ, ಮೀನಿನಲ್ಲಿದೆ, ಒಳಗಿನ ಉರಿಗೆ ಒಂದಿಷ್ಟು ಒಳ್ಳೆಯದು. ಡಾಲ್ಡಾ ಮತ್ತು ಕಾದು ಕಾದು ಕಪ್ಪಾದ ಎಣ್ಣೆ ಕಡಿಮೆ ಮಾಡಿ. "ಆದರೆ ಎಣ್ಣೆಯೊಂದರಿಂದಲೇ ಈ ರೋಗ ಬರೋದೂ ಇಲ್ಲ, ಹೋಗೋದೂ ಇಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡಿ" ಎಂದೂ ಸೇರಿಸಿದರು. ಈ ಕೊನೆಯ ಮಾತನ್ನು ಕಾಕಾ ಕಾಕಿಗೆ ವಹಿಸಿಕೊಟ್ಟು, ಎಣ್ಣೆಯ ಖಾತೆಯನ್ನು ತಾವೇ ಇಟ್ಟುಕೊಂಡರು.

ಅಂದಿನಿಂದ ಮೈಲೂರಿನ ಕಾಕಾನ ಮನೆಯಲ್ಲಿ ಅಗಸಿ ಇಲ್ಲದ ಪದಾರ್ಥವಿಲ್ಲ. ಪಲ್ಯದಲ್ಲಿ ಅಗಸಿ, ಮೊಸರಿನಲ್ಲಿ ಅಗಸಿ, ಒಂದು ದಿನ ನಾನು ಕುಡಿದ ಚಹಾದಲ್ಲೂ ಏನೋ ತೇಲುತ್ತಿತ್ತು. ಕೇಳುವ ಧೈರ್ಯ ನನಗಾಗಲಿಲ್ಲ! ಮೀನಿನ ಆಸೆಯನ್ನೂ ಅವರು ಬಿಡಲಿಲ್ಲ. ಕಾಕಾ ಹುಟ್ಟಾ ಶಾಕಾಹಾರಿ. ಆದರೂ ಬಜಾರದಲ್ಲಿ ಮೀನು ಮಾರುವವನ ಎದುರು ಮೂಗಿಗೆ ಕರವಸ್ತ್ರ ಹಿಡಿದು ನಿಂತು, ಯಾವ ಮೀನಿನಲ್ಲಿ ಎಷ್ಟು ಎಣ್ಣೆ ಎಂದು ವಿಚಾರಿಸುತ್ತಿದ್ದರು. ಅವರ ಗಾಡಿಯ ಡ್ರೈವರ್ ಚಾಚಾ ಅದನ್ನು ನೋಡಿ ನೋಡಿ ಸಾಕಾಗಿ, "ಕಂಡಕ್ಟರ್ ಸಾಬ್, ಖಾಲಿ ದೇಖೇ ತೋ ಫಾಯ್ದಾ ನೈ ಹೋತಾ, ಖಾನಾ ಪಡ್ತಾ!" ಅಂದರು. ಬರೀ ನೋಡಿದರೆ ಲಾಭವಿಲ್ಲ, ತಿನ್ನಬೇಕು ಎಂದಮೇಲೆ ಕಾಕಾ ತಿರುಗಿ ಅಗಸಿಗೇ ಬಂದರು.

ಭಾಲ್ಕಿಯ ಮದುವೆಯ ಕಥೆ ಕೇಳಿ. ನೆಂಟರೆಲ್ಲ ಅಕ್ಷತೆ ಹಿಡಿದು ಮಂಟಪದಲ್ಲಿದ್ದರೆ ಕಾಕಾ ಅಡುಗೆಯ ಪೆಂಡಾಲಿನಲ್ಲಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಬಗಲಲ್ಲಿ ಚೀಲ. ಕುದಿಯುವ ಕಡಾಯಿಯೊಳಗೆ ಬಗ್ಗಿ ನೋಡಿ, "ಈ ಎಣ್ಣಿ ಎಷ್ಟನೇ ಸಲ ಕಾಯ್ಲತದ?" ಎಂದು ಗತ್ತಿನಿಂದ ಕೇಳಿದರು.

ಅಡುಗೆಯವನು ಸೌಟು ಕೆಳಗಿಟ್ಟ. "ಸಾಹೇಬ್ರ, ಎರಡನೇ ಸಲ ಅಷ್ಟೇ ರಿ. ತಪ್ಪಾಯ್ತ್ರಿ!"

ಆತ ಇವರನ್ನು ಆಹಾರ ತಪಾಸಣೆಯ ಅಧಿಕಾರಿ ಎಂದೇ ತಿಳಿದಿದ್ದ! ಹೆಣ್ಣಿನ ತಂದೆ ಓಡಿ ಬಂದರು. ಹಳೆಯ ಎಣ್ಣೆ ಚೆಲ್ಲಿ ಹೊಸ ಡಬ್ಬ ಒಡೆದರು. ಕಾಕಾಗೆ ಶಾಲು ಹೊದಿಸಿ, ಬೀಗರ ಸಾಲಿನಲ್ಲಿ ಕೂರಿಸಿ, ಕೈಮುಗಿದು ಬಡಿಸಿದರು. ಕಾಕಾ ತಾವು ಅಧಿಕಾರಿ ಎಂದು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಚೀಲದಿಂದ ಅಗಸಿ ಹಿಂಡಿಯ ಡಬ್ಬಿ ತೆಗೆದು ಪಕ್ಕದಲ್ಲಿದ್ದ ಕಾಕಿಯ ತಾಟಿಗೆ ಒಂದು ಚಮಚ ಹಾಕಿದರು. ಅಧಿಕಾರಿಯ ಕ್ರಮವೆಂದು ತಿಳಿದು ಬೀಗರೂ ತಾಟು ಮುಂದೆ ಮಾಡಿದರು.

ಇನ್ನು ಬಸ್ಸಿನ ಸಂಗತಿ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ, ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಆದರೆ ಕಾಕಾನ ಗಾಡಿಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. "ಕಾರ್ಡು ತೋರಸ್ರಿ, ಮುಷ್ಟಿ ತೋರಸ್ರಿ!" ಎಂದು ಕೂಗುತ್ತ ಬರುತ್ತಾರೆ. ಎರಡೂ ಕೈ ಎತ್ತಿ, ಬರೋಬ್ಬರಿ ಬಿಗಿಯಾಗಿ ಮುಷ್ಟಿ ಮಾಡಿ ತೋರಿಸಿದವರಿಗೇ ಟಿಕೆಟ್ಟು.

"ಸರಕಾರ ಫ್ರೀ ಅಂದದಲ್ರಿ ಅಣ್ಣಾ?" ಎಂದು ಒಬ್ಬಾಕೆ ವಾದ ಹೂಡಿದಳು.

"ಸರಕಾರ ಅಂದದ. ನಾ ಎಲ್ಲಿ ಅಂದೀನಿ? ಮುಷ್ಟಿ ಮಾಡವ್ವ."

ಮುಂಜಾನೆ ಗಾಡಿಯಲ್ಲಿ ನಲವತ್ತು ಹೆಣ್ಣುಮಕ್ಕಳು ಮುಷ್ಟಿ ಎತ್ತಿ ಕೂತರೆ ನೋಡುವವರಿಗೆ ಹೇಗೆ ಕಂಡೀತು ಹೇಳಿ? ಒಮ್ಮೆ ಸ್ಟ್ಯಾಂಡಿನಲ್ಲಿ ಯಾರೋ ಕಿಟಕಿಯ ಹತ್ತಿರ ಬಂದು, "ಮೋರ್ಚಾ ಯಾವ ಆಫೀಸಿಗೆ ಹೊಂಟದ್ರಿ?" ಎಂದು ವಿಚಾರಿಸಿದರು. ನಾನು ನಾಚಿಕೆಯಿಂದ ಮುಖ ಪುಸ್ತಕದೊಳಗೆ ಇಟ್ಟೆ. ಮುಷ್ಟಿಯನ್ನು ಮಾತ್ರ ಇಳಿಸುವ ಹಾಗಿರಲಿಲ್ಲ, ಟಿಕೆಟ್ ಇನ್ನೂ ಸಿಕ್ಕಿರಲಿಲ್ಲ.

ಇದಕ್ಕೂ ಮಿಗಿಲಾದ ಹುಚ್ಚು ಇನ್ನೊಂದಿದೆ. ನಮ್ಮ ಕಡೆ ಜೋಳದ ರೊಟ್ಟಿ ಎಷ್ಟು ತೆಳ್ಳಗೋ ಮಾಡಿದವಳಿಗೆ ಅಷ್ಟು ಮರ್ಯಾದೆ. ಕಾಕಾನ ಲೆಕ್ಕ ತಿರುವುಮುರುವು! ಔರಾದದ ಖಾನಾವಳಿಯಲ್ಲಿ ತೆಳ್ಳನೆಯ ರೊಟ್ಟಿ ಬಂದರೆ ಸುಮ್ಮನೆ ತಿನ್ನುತ್ತಾರೆ. ದಪ್ಪ ರೊಟ್ಟಿ, ಅಂಚು ಹರಿದದ್ದು ಬಂತೋ, ಅಡುಗೆಮನೆಯ ಬಾಗಿಲಿಗೇ ಹೋಗಿ, "ವಾಹ್, ಭಾಳ ಛಂದ ಮಾಡೀರಿ ಅವ್ವಾ! ಕೈ ಹ್ಯಾಂಗವ? ನೋಯ್ತಾವೇನು?" ಎಂದು ಕೇಳಿ ಬರುತ್ತಾರೆ. ಒಬ್ಬಾಕೆ ಇದು ಚೇಷ್ಟೆ ಎಂದು ತಿಳಿದು ಲಟ್ಟಣಿಗೆ ಹಿಡಿದೇ ಹೊರಬಂದಳು. ಕಾಕಾ ಅರ್ಧ ಊಟಕ್ಕೇ ಎದ್ದು ಗಾಡಿ ಹತ್ತಿದರು.

ನಾವೆಲ್ಲ ನಕ್ಕೆವು. ಐದು ವರ್ಷ ಹಬ್ಬ ಹುಣ್ಣಿಮೆಗೆಲ್ಲ ಇದನ್ನೇ ಹೇಳಿಕೊಂಡು ನಕ್ಕೆವು.

ಹೋದ ಚಳಿಗಾಲದ ಒಂದು ಮುಂಜಾನೆ, ದಾರಿಯ ಹಳ್ಳಿಯೊಂದರಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಕಾಕಾ ಬಂದರು. "ಕಾರ್ಡು ತೋರಸವ್ವ, ಮುಷ್ಟಿ ತೋರಸು." ಆಕೆ ನಗುತ್ತಲೇ ಕೈ ಎತ್ತಿದಳು. ಬೆರಳುಗಳು ಅರ್ಧಕ್ಕೆ ಬಾಗಿ ನಿಂತವು. "ಮುಂಜಾನಿ ಹಿಂಗೇ ರಿ. ಹೊತ್ತೇರಿದ ಮ್ಯಾಲ ಬಗ್ತಾವ" ಅಂದಳು.

"ಎಷ್ಟು ದಿನ ಆಯ್ತು?"

"ನಾಕು ತಿಂಗಳಾಯ್ತ್ರಿ."

"ಮನ್ಯಾಗ ಹೇಳೀಯೇನು?"

"ಏನ್ ಹೇಳೋದ್ರಿ? ಮೊದಲೇ ರೊಟ್ಟಿ ದಪ್ಪ ಆಗ್ಲತಾವ ಅಂತ ಬೈಲತಾರ."

ಕಾಕಾನ ಕೈಯಲ್ಲಿದ್ದ ಟಿಕೆಟ್ ಮಷೀನು ಹಾಗೇ ನಿಂತಿತು. ಚಾಚಾ ಸೀಟಿ ಕೇಳದೆ ಕನ್ನಡಿಯಲ್ಲಿ ಹಿಂದೆ ನೋಡಿದರು. ಕಾಕಾ ಸೀಟಿನ ಕಂಬಿ ಹಿಡಿದು ಬಗ್ಗಿ, ನಾನು ಅವರ ಬಾಯಿಂದ ಎಂದೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದರು: "ನಾನೂ ಬೈದೀನವ್ವ. ವರ್ಷಗಟ್ಟಲೆ ಬೈದೀನಿ. ರೊಟ್ಟಿ ದಪ್ಪ ಆಗ್ಲತಾವ, ಅಂಚು ಹರೀಲತಾವ, ಮನಸಿಟ್ಟು ಮಾಡು ಅಂತ ತಾಟು ದೂಡೀನಿ. ನಮ್ಮನ್ಯಾಕಿ ಒಂದಿನಾನೂ ಕೈ ನೋಯ್ತದ ಅನ್ಲಿಲ್ಲ. ನಾನೂ ಕೇಳ್ಲಿಲ್ಲ. ಅಷ್ಟರಾಗೇ ಆಕಿ ಬೆರಳು ಸೊಟ್ಟ ಆದವು. ನೀ ಇವತ್ತೇ ಬೀದರಕ ಹೋಗು."

ಟಿಕೆಟ್ಟಿನ ಹಿಂದೆ ಡಾಕ್ಟರಮ್ಮನ ವಿಳಾಸ ಬರೆದುಕೊಟ್ಟರು. ಆಕೆಯ ಗಂಡನ ನಂಬರು ಕೇಳಿ ಅಲ್ಲಿಂದಲೇ ಫೋನು ಹಚ್ಚಿದರು. ನನಗೆ ಕಣ್ಣು ತುಂಬಿ ಬಂದು ಕಿಟಕಿಯ ಹೊರಗಿನ ತೊಗರಿ ಹೊಲವೂ ಕಾಣಲಿಲ್ಲ. ಇಂಥ ಮನುಷ್ಯನನ್ನು ನಾವು ಹುಚ್ಚ ಎಂದು ನಕ್ಕಿದ್ದೆವಲ್ಲ!

ಅದಾಗಿ ತಿಂಗಳ ಮೇಲೆ ಒಂದು ಭಾನುವಾರ ನಾನು ಮೈಲೂರಿಗೆ ಊಟಕ್ಕೆ ಹೋಗಿದ್ದೆ. ಆ ಹೆಣ್ಣುಮಗಳ ಫೋನು ಬಂದಿತ್ತಂತೆ, ಬೇಗ ಬಂದದ್ದು ಛಲೋ ಆಯ್ತು ಎಂದು ಡಾಕ್ಟರಮ್ಮ ಹೇಳಿದರಂತೆ. ಕಾಕಾ ಅದನ್ನು ನನಗೆ ಮೂರು ಸಲ ಹೇಳಿದರು. ಒಳಗೆ ಕಾಕಿ ರೊಟ್ಟಿ ಬಡಿಯುತ್ತಿದ್ದರು. ಮಾತ್ರೆ ಹಿಡಿದಂದಿನಿಂದ ಬೆರಳು ಒಂದಿಷ್ಟು ಮಾತು ಕೇಳುತ್ತವೆ, ಭಾನುವಾರ ಎರಡೇ ಎರಡು ರೊಟ್ಟಿ ತಾವೇ ಮಾಡಬೇಕೆಂಬುದು ಅವರ ಹಟ.

ಮೊದಲನೆಯದು ಎಂದಿನಂತೆ ದಪ್ಪ. "ವಾಹ್!" ಎಂದು ಅದನ್ನು ಕಾಕಾ ನನ್ನ ತಾಟಿನಿಂದಲೇ ಕಸಿದುಕೊಂಡರು. ಎರಡನೆಯದನ್ನು ಕಾಕಿ ಎರಡೂ ಕೈಯಲ್ಲಿ ಹಿಡಿದು ತಂದು ಅವರ ತಾಟಿಗೆ ಹಾಕಿದರು. ಅಂಚು ಒಂದು ಕಡೆ ಹರಿದಿತ್ತು. ಆದರೆ ಅದು ತೆಳ್ಳಗಿತ್ತು.

ಕಾಕಾ ವಾಹ್ ಅನ್ನಲಿಲ್ಲ. ರೊಟ್ಟಿಯನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದರು. ಬಿಸಿಲು ಅದರೊಳಗಿಂದ ಮಸುಕಾಗಿ ಹಾಯ್ದು ಅವರ ಮುಖದ ಮೇಲೆ ಬಿತ್ತು. ಮುರಿಯಲಿಲ್ಲ, ತಾಟಿಗೂ ಇಡಲಿಲ್ಲ. ಹಾಗೇ ಹಿಡಿದು ಕೂತರು.

ಕಾಕಿ ಹಿಟ್ಟಿನ ಕೈಯನ್ನು ಅವರ ಹೆಗಲ ಮೇಲಿಟ್ಟು, "ಎಷ್ಟೊತ್ತು ನೋಡ್ತೀರಿ?" ಅಂದರು. "ಇದರಾಗ ಯಾವ ಎಣ್ಣಿನೂ ಇಲ್ರಿ. ತಿನ್ರಿ, ಆರ್ಲತದ."