ನಾಲ್ಕು ಗಾಲಿಯ ಸ್ವಂತ ಮನೆ

ನನ್ನ ಜೀವಮಾನದಲ್ಲಿ ನಾನು ಕೈಗೊಂಡ ನಿರ್ಧಾರಗಳಲ್ಲಿ ಒಂದನ್ನುಳಿದು ಮಿಕ್ಕವೆಲ್ಲ ಸರಿಯಾಗಿಯೇ ಇದ್ದವು. ಆ ಒಂದಕ್ಕೆ ನಾಲ್ಕು ಗಾಲಿ, ಒಂದು ಮಂಚ, ಒಂದು ಗ್ಯಾಸ್ ಒಲೆ ಮತ್ತು ನೆತ್ತಿಯ ಮೇಲೊಂದು ನೀರಿನ ಟಾಕಿ ಇವೆ.

ಇಂಥದಕ್ಕೆ ಮೋಟಾರ್‌ಹೋಮ್ ಎನ್ನುತ್ತಾರಂತೆ. ಕೊಪ್ಪಳದ ನಮ್ಮ ಓಣಿಯವರು ‘ಮನಿಗಾಡಿ’ ಎಂದರು. ಎದುರುಮನೆಯ ಮಾರೆವ್ವ ಮಾತ್ರ ಆ ಬಿಳಿಯ ಗಾಡಿಯನ್ನು ಅಂಬುಲೆನ್ಸ್ ಎಂದು ತಿಳಿದು, ಸೆರಗು ಬಾಯಿಗಿಟ್ಟುಕೊಂಡು, “ಯಾರಿಗೇನಾತ್ರಿ ಯವ್ವಾ?” ಎಂದು ಓಡಿಬಂದಳು. ಏನಾಗಿದೆ ಎಂಬುದು ಆಗ ನನಗೂ ತಿಳಿದಿರಲಿಲ್ಲ.

ಇದಕ್ಕೆಲ್ಲ ಮೂಲ ನನ್ನ ನೆಗೆಣ್ಣಿ ಸುರೇಖಾ. ಗಂಗಾವತಿಯಲ್ಲಿರುವ ಮೈದುನ ದುರಗೇಶನ ಹೆಂಡತಿ. ಹೋದ ವರ್ಷ ಅವರ ಮನೆಗೆ ಹೋಗಿದ್ದಾಗ, ಆಕೆಯ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ತೊಳೆದು, ಕ್ರಮಬದ್ಧವಾಗಿ ಜೋಡಿಸಿಕೊಟ್ಟೆ. (ಆಕೆ ಕೇಳಿರಲಿಲ್ಲ. ಶಿಸ್ತನ್ನು ಯಾರೂ ತಾವಾಗಿ ಕೇಳುವುದಿಲ್ಲ, ನಾವೇ ಕೊಡಬೇಕು.) ಅದಕ್ಕೆ ಆಕೆ ಸಲ್ಲಿಸಿದ ಕೃತಜ್ಞತೆ, ಪಕ್ಕದ ಮನೆಯ ತಾಜಬೀಯ ಮುಂದೆ, ನನಗೆ ಕೇಳಿಸುವಂತೆ: “ಅಕ್ಕಾರು ಬಂದ್ರಂದ್ರ ನಮ್ಮ ಮನ್ಯಾಗ ನಾವ ಬೀಗರಾಗಿಬಿಡತೀವಿ ನೋಡ್ರಿ!”

ನಾನು ಚೀಲ ಎತ್ತಿಕೊಂಡೆ. “ಸುರೇಖಾ, ಇನ್ನ ಮ್ಯಾಲ ನಿನ್ನ ಅಂಗಳಕ್ಕ ನಾನು ಕಾಲಿಟ್ಟರ ಕೇಳು” ಎಂದು ಎಲ್ಲರೆದುರು ನುಡಿದು ಹೊರಬಂದೆ. ನಮ್ಮ ವಂಶದಲ್ಲಿ ನನ್ನ ಮಾತಿಗೆ ಒಂದು ಬೆಲೆಯಿದೆ. ಹಗಲೆಲ್ಲ ಕೂಲಿ ಮಾಡಿ, ಸಂಜೆಶಾಲೆಯಲ್ಲಿ ಓದಿ, ಹತ್ತನೆಯ ತರಗತಿ ತೇರ್ಗಡೆಯಾಗುತ್ತೇನೆಂದು ಹೇಳಿ ಹಾಗೆಯೇ ಆದವಳು ನಾನು. ಅಂಥವಳ ಮಾತು ಗಂಗಾವತಿಯ ಒಂದು ಅಂಗಳಕ್ಕಾಗಿ ಬೀಳಬಾರದು.

ಅಷ್ಟರಲ್ಲಿ ಸುರೇಖಾಳ ಮಗಳ ಮದುವೆ ಗೊತ್ತಾಯಿತು. ಹಿರಿಸೊಸೆಯಾದ ನಾನೇ ಮದುಮಗಳಿಗೆ ಅರಿಶಿನ ಕಲಸಬೇಕು. ಅದು ನಮ್ಮ ಮನೆತನದ ಪದ್ಧತಿ. ಹೋಗದಿದ್ದರೆ ಹಿರಿತನ ಹೋಗುತ್ತದೆ. ಹೋದರೆ ಮಾತು ಹೋಗುತ್ತದೆ. ಬಹಳ ವಿಚಾರ ಮಾಡಿದೆ. ಕೊನೆಗೆ ಮಿಂಚಿನಂತೆ ಹೊಳೆಯಿತು: ನನ್ನ ಮನೆಯನ್ನೇ ಅಲ್ಲಿಗೆ ಕೊಂಡೊಯ್ದರೆ? ಓಣಿಯಲ್ಲಿ ನಿಲ್ಲಿಸಿಕೊಂಡು, ನನ್ನದೇ ಮನೆಯಲ್ಲಿ ಕುಳಿತು ಅರಿಶಿನ ಕಲಸಿ, ಕಾಂಪೌಂಡಿನ ಮೇಲಿಂದ ಕೊಟ್ಟರಾಯಿತು!

ಹನುಮನಹಳ್ಳಿಯಲ್ಲಿ ಒಬ್ಬಾತ ಪ್ರವಾಸಿಗರಿಗೆ ಬಾಡಿಗೆಗೆ ಬಿಡುತ್ತಿದ್ದ ಹಳೆಯ ಗಾಡಿಯೊಂದು ಮಾರಾಟಕ್ಕಿತ್ತು. ನಮ್ಮ ಯಜಮಾನರು ಮರಿಸ್ವಾಮಿಯವರು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಜೀಪು ಓಡಿಸಿ ನಿವೃತ್ತರಾದವರು. ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ, “ನೇತ್ರಾ, ಇದಕ್ಕ ಭಾಳ ವಯಸ್ಸಾಗೈತಿ. ಏರು ಹತ್ತೂದಿಲ್ಲ, ಹೊಗಿ ಬಿಡತೈತಿ, ಸಪ್ಪಳ ಬ್ಯಾರೆ” ಎಂದರು.

“ನಿಮ್ಮನ್ನ ಇಟಗೊಂಡಿಲ್ಲೇನ್ರಿ ನಾನು?” ಎಂದೆ.

ವ್ಯವಹಾರ ಮುಗಿಯಿತು.

ಇದು ಗಾಡಿಯೋ ಮನೆಯೋ ಎಂಬ ಶಾಸ್ತ್ರಜಿಜ್ಞಾಸೆ ಮೊದಲ ದಿನವೇ ಎದ್ದಿತು. ಎರಡೂ ಹೌದೆಂದು ನಾನು ತೀರ್ಪಿತ್ತೆ. ಗಾಲಿಗಳಡಿ ನಿಂಬೆಹಣ್ಣು ಇಡಿಸಿದೆ; ಒಳಗೆ ಒಲೆಯ ಮೇಲೆ ಹಾಲು ಉಕ್ಕಿಸಿದೆ. ಹಾಲು ಶುಭಸೂಚಕವಾಗಿ ಪೂರ್ವಕ್ಕೇ ಉಕ್ಕಿ, ಒಲೆಯ ಕೆಳಗಿದ್ದ ವೈರುಗಳ ಸಂದಿಗೆ ಇಳಿಯಿತು. ಅಂದಿನಿಂದ ಎಡಕ್ಕೆ ತಿರುಗುವ ದೀಪ ಹಾಕಿದರೆ ಹಾರನ್ ಹೊಡೆಯುತ್ತದೆ.

ಇನ್ನು ಹೊಸ್ತಿಲು. ಹೊಸ್ತಿಲಿಲ್ಲದ್ದನ್ನು ಮನೆಯೆಂದು ಹೇಗೆ ಕರೆಯುವುದು? ಬಡಿಗ ಓಬಳೆಪ್ಪನನ್ನು ಕರೆಸಿ, ಸರಿಸುವ ಬಾಗಿಲಿನ ಬುಡಕ್ಕೆ ಬೇವಿನ ಹೊಸ್ತಿಲು ಕೂಡಿಸಿದೆ.

“ಅಮ್ಮಾರ, ಇದನ್ನ ಬಡದ್ರ ಬಾಗಲಾ ಪೂರ್ತಿ ಮುಚ್ಚೂದಿಲ್ರಿ” ಎಂದ ಓಬಳೆಪ್ಪ.

“ಕುಂಕುಮ ಹಚ್ಚೂದು ಹೊಸ್ತಿಲಕ್ಕೋ, ಬಾಗಲಾ ಮುಚ್ಚೂದಕ್ಕೋ? ನೀ ಬಡಿ.”

ಬಡಿದ. ಬಾಗಿಲು ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ಯಜಮಾನರ ಹಳೆಯ ಧೋತರದಿಂದ ಕಟ್ಟುತ್ತ ಬಂದೆವು.

ಆಮೇಲಿನ ದಿನಗಳನ್ನು ಹೇಗೆ ವರ್ಣಿಸಲಿ? ಮಾಳಿಗೆ ಸೋರಿತು, ಡಾಂಬರು ಬಳಿದರೆ ಡಾಂಬರೂ ಸೋರಿತು. ತುಕ್ಕು ಕೆರೆಯಲು ಹೋದರೆ, ತುಕ್ಕಿನ ಹಿಂದೆ ತಗಡೇ ಇರಲಿಲ್ಲ. ಬ್ರೇಕು ಹಾಕಿದಾಗಲೆಲ್ಲ ನೆತ್ತಿಯ ಟಾಕಿಯ ನೀರು ಮಂಚದ ಮೇಲೆ ಸುರಿಯುತ್ತಿತ್ತು. ಮೆಕ್ಯಾನಿಕ್ ಮರ್ದಾನಸಾಬ ಗಾಡಿಯ ಕೆಳಗೆ ಹೋಗಿ ಬಹಳ ಹೊತ್ತು ಮಲಗಿದ್ದು (ನಿದ್ದೆ ಮಾಡಿದನೆಂದು ನನ್ನ ಅನುಮಾನ), ಎದ್ದುಬಂದು ಕೈ ಜೋಡಿಸಿದ: “ಅಮ್ಮಾರ, ಬರೇ ಗಾಡಿ ಆಗಿದ್ರ ನಾ ರಿಪೇರಿ ಮಾಡತಿದ್ದೆ. ಬರೇ ಮನಿ ಆಗಿದ್ರ ಗೌಂಡಿ ಮಾಡತಿದ್ದ. ಇದಕ್ಕ ಯಾರನ್ನ ಕರೀತೀರಿ?”

ರಾತ್ರಿ ಮಳೆ ಬಂದರೆ ಯಜಮಾನರು ನಿಟ್ಟುಸಿರಿಡುತ್ತಿದ್ದರು. “ಸುರೇಖಾಗ ಒಂದ ಮಾತ ‘ಬರತೀನಿ’ ಅಂದಿದ್ರ ಮುಗೀತಿತ್ತು.”

“ನನ್ನ ಮಾತು ಸೋರೂದಿಲ್ರಿ” ಎಂದು ಪಾತ್ರೆ ಹಿಡಿದುಕೊಂಡು ಹೇಳುತ್ತಿದ್ದೆ.

ಕೊನೆಗೂ ಅರಿಶಿನದ ದಿನ ಬೆಳಗ್ಗೆ ಹೊರಟೆವು. ಎತ್ತಿನ ಬಂಡಿಗಳನ್ನು ಬಿಟ್ಟರೆ ದಾರಿಯಲ್ಲಿ ನಾವು ಯಾರನ್ನೂ ಹಿಂದೆ ಹಾಕಲಿಲ್ಲ. ಆದರೂ ಗಂಗಾವತಿ ಬಂತು; ಸುರೇಖಾಳ ಓಣಿಯೂ ಬಂತು. ದೊಡ್ಡ ಗೇಟು ಪೂರ್ತಿ ತೆರೆದಿತ್ತು; ಅಂಗಳದಲ್ಲಿ ಹಂದರ, ಹಂದರದ ತುಂಬ ನೆಂಟರು. ಯಜಮಾನರು ಗಾಡಿಯನ್ನು ಕಾಂಪೌಂಡಿಗೆ ಒತ್ತಿ ನಿಲ್ಲಿಸಲು ಎಡಕ್ಕೆ ತಿರುಗಿಸಿದರು. ಹಾರನ್ ಹೊಡೆಯಿತು. ನೆಂಟರೆಲ್ಲ ಎದ್ದು ನಿಂತರು. ಅರ್ಧ ತಿರುಗಿದ್ದೇ ತಡ, ಎಂಜಿನ್ ಒಮ್ಮೆ ಬಿಕ್ಕಿ ಪ್ರಾಣ ಬಿಟ್ಟಿತು. ಮೂತಿ ಸುರೇಖಾಳ ಗೇಟಿಗೆ. ಬಾಲ ಓಣಿಗೆ ಅಡ್ಡ.

ಹಿಂದೆ ಭತ್ತದ ಚೀಲ ತುಂಬಿದ ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಚಾಲಕ ಕೂಗಿದ: “ಏ ಯಜಮಾನ್ರ, ಮನಿ ಕಟ್ಟಾಕ ನಡು ರಸ್ತಾನ ಬೇಕಾಗಿತ್ತೇನ್ರಿ?”

ದುರಗೇಶ ಓಡಿಬಂದ. “ಅತ್ತಿಗೀ, ಇಳೀರಿ, ಹಗರ ಆಗತೈತಿ. ದಬ್ಬತೀವಿ.”

“ನನ್ನ ಮನ್ಯಾಗಿಂದ ನನ್ನ ಇಳಸಾಕ ನೀ ಯಾರಪಾ? ನಾ ಇದ್ದಂಗ ದಬ್ಬು.”

ಹತ್ತಾರು ಕೈಗಳು ಗಾಡಿಗೆ ಹತ್ತಿದವು. ಹಿಂದಕ್ಕೆ ಟ್ರ್ಯಾಕ್ಟರ್ ಇರುವುದರಿಂದ ಗಾಡಿ ಹೋಗಬಹುದಾದ ದಿಕ್ಕು ಒಂದೇ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಮೂತಿ ಗೇಟು ದಾಟಿತ್ತು.

“ಹಿಂದಕ್ಕ! ಹಿಂದಕ್ಕ ದಬ್ಬ್ರಿ!” ಎಂದು ಚೀರಿದೆ. ನನ್ನ ಚೀರಾಟಕ್ಕೆ ಬೆದರಿದ ಯಜಮಾನರು ಬ್ರೇಕು ಒತ್ತುವಷ್ಟರಲ್ಲಿ ಇಡೀ ಗಾಡಿ ಅಂಗಳದೊಳಗಿತ್ತು. ಟಾಕಿಯಲ್ಲಿದ್ದ ನೀರಷ್ಟೂ ನನ್ನ ಮೇಲಾಯಿತು. ಮದುಮಗಳಿಗಿಂತ ಮೊದಲು ದೊಡ್ಡಮ್ಮನಿಗೇ ನೀರು ಹಾಕಿದರೆಂದು ಹಂದರದಲ್ಲಿ ನಗೆ ಎದ್ದಿತು.

ಸುರೇಖಾ ಆರತಿ ತಟ್ಟೆ ಹಿಡಿದು ಬಂದು ಗಾಡಿಯ ಮೂತಿಗೆ ಬೆಳಗಿದಳು. “ಅಕ್ಕಾರ, ನೀವು ಬರೂದಿಲ್ಲ ಅಂದಿದ್ರಿ. ಮನೀನೂ ಕಟಗೊಂಡು ಬಂದೀರಲ್ರಿ!”

ನಾನು ತಲೆಯ ನೀರು ಹಿಂಡಿಕೊಂಡು ಗಂಭೀರವಾಗಿ ಹೇಳಿದೆ: “ನೆಲಕ್ಕ ಕಾಲಿಟ್ಟಿಲ್ಲ. ಅರಿಶಿಣ ಇಲ್ಲೆ ಕೊಡು, ಕಲಸತೀನಿ.”

“ಆಗಲ್ರಿ, ಅವಸರಿಲ್ಲ” ಎಂದು ಆಕೆ ಹೊರಟಳು. ಯಜಮಾನರು ಆಗಲೇ ಇಳಿದುಹೋಗಿ, ಹಂದರದಲ್ಲಿ ಕುಳಿತು ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಭಜಿ ಕಡಿಯುತ್ತಿದ್ದರು. ನಾನು ಮಂಚದ ತುದಿಯಲ್ಲಿ ನೆಟ್ಟಗೆ ಕುಳಿತೆ. ಅರಿಶಿನ ಬರಲಿಲ್ಲ. ಬಾಗಿಲು ಮುಚ್ಚದ ಕಾರಣ ಹೋಗಿ ಬರುವವರೆಲ್ಲ, ಕಾಳಿನಂಗಡಿಗೆ ಇಣುಕುವಂತೆ, ನನ್ನ ಮನೆಯೊಳಗೆ ಇಣುಕಿ ಹೋದರು.

ಅಷ್ಟರಲ್ಲಿ ಕುಷ್ಟಗಿಯಿಂದ ಗಂಡಿನ ಕಡೆಯವರು ಬಂದಿಳಿದರು. ಅವರಲ್ಲಿ ಹಿರಿಯಳಾದ ಶಾಂತಕ್ಕ ನನ್ನ ಗಾಡಿಯ ಮುಂದೆ ನಿಂತು, ಒದ್ದೆಮುದ್ದೆಯಾದ ನನ್ನನ್ನು ಕಂಡು, ಸುರೇಖಾಳನ್ನು ಕೇಳಿದಳು: “ಇವರು ಯಾರ್ರಿ ಬೀಗತ್ಯಾರ?”

ಸುರೇಖಾ ನನ್ನ ಕಡೆ ನೋಡಲೂ ಇಲ್ಲ. “ಅವರಾ? ನಮ್ಮ ಮನಿಗೆ ಬಂದವರಲ್ರಿ. ಅಂಗಳದಾಗ ಬಾಡಿಗಿ ಅದಾರ.”

ಬಾಡಿಗೆ! ಮೂರು ತಲೆಮಾರಿನ ಮನೆತನದ ಹಿರಿಸೊಸೆ, ಬೀಗರ ಕಣ್ಣೆದುರಿಗೆ, ಬಾಡಿಗೆಯವಳು!

“ಯಾರಿಗೆ ಬಾಡಿಗಿ ಅಂತೀ? ನಾ ಈ ಮನಿ ಹಿರಿಸೊಸಿ ಅದೀನಿ! ನೀ ಮದುವ್ಯಾಗಿ ಬಂದಾಗ ನಿನಗ ಅರಿಶಿಣ ಕಲಸಿದಾಕಿ ನಾ!” ಎಂದು ಗುಡುಗಿ, ಸುರೇಖಾಳ ಮುಖಕ್ಕೆ ಬೆರಳು ಚಾಚಿ ನಿಂತೆ.

ಯಜಮಾನರ ಕೈಯ ಮಿರ್ಚಿ ಬಾಯಿಯ ಬಳಿಯೇ ನಿಂತಿತು. ಸುರೇಖಾ ಮೆಲ್ಲಗೆ ತಲೆ ತಗ್ಗಿಸಿ ನೆಲ ನೋಡಿದಳು. ನಾನೂ ನೋಡಿದೆ. ಆಕೆಯ ಅಂಗಳದ ಮೇಲೆ ನನ್ನ ಎರಡೂ ಪಾದಗಳು, ಬರಿಗಾಲಲ್ಲಿ, ಬಲವಾಗಿ ಊರಿ ನಿಂತಿದ್ದವು.

“ಹಂಗಂದಮ್ಯಾಲ ಒಳಗ ಬರ್ರಿ ಅಕ್ಕಾರ” ಎಂದಳು ಆಕೆ, ಅರಿಶಿನದ ಬಟ್ಟಲನ್ನು ನನ್ನ ಕೈಗಿಡುತ್ತ. “ಹುಡುಗಿ ಮುಂಜಾನಿಂದ ಕಾಯಾಕತ್ಯಾಳ.”

ಕಲಸಿದೆ. ಮತ್ತೇನು ಮಾಡಲಿ?